ತುಣುಕು ಬಡವರಿಗೆ, ಪುಸ್ತಕ ಉಳ್ಳವರಿಗೆ

ಅಮೇರಿಕದ ಫ್ಲಾರಿಡಾ ರಾಜ್ಯದಲ್ಲಿ ಟ್ಯಾಂಪಾ ಎಂಬ ಬಂದರು ನಗರವಿದೆ. ಅದು ಸೇರಿದ ಹಿಲ್ಸ್‌ಬರೋ ಕೌಂಟಿಯ ಶಾಲಾ ಅಧಿಕಾರಿಗಳು 2023ರ ಆಗಸ್ಟ್ ತಿಂಗಳಲ್ಲಿ ಒಂದು ಸುದ್ದಿ ಹೊರಡಿಸಿದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. ಹೈಸ್ಕೂಲಿನ ಇಂಗ್ಲೀಷ್ ತರಗತಿಗಳಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಇನ್ನು ಪೂರ್ತಿಯಾಗಿ ಓದಿಸುವುದಿಲ್ಲ, ಆಯ್ದ ಭಾಗಗಳನ್ನು ಮಾತ್ರ ಓದಿಸಲಾಗುವುದು ಎಂಬುದೇ ಆ ಸುದ್ದಿ. ಆ ವರ್ಷ ರಾಜ್ಯದ ಶಾಸನಸಭೆ ಮಾಡಿದ ಹೊಸ ಕಾನೂನಿನ ಭಯ ಒಂದು ಕಾರಣ, ಹೊಸ ಪರೀಕ್ಷಾ ಕ್ರಮ ಇನ್ನೊಂದು. ರೋಮಿಯೋ ಜೂಲಿಯೆಟ್‌ರ ಪ್ರೇಮದಲ್ಲಿ ಅಶ್ಲೀಲ ಎಲ್ಲಿ ಹೊಕ್ಕಿದೆಯೋ ಎಂದು ಭೂತಗನ್ನಡಿ ಹಿಡಿದು ಕೂರುವ ಬದಲು ನಾಟಕವನ್ನೇ ಕತ್ತರಿಸಿಬಿಟ್ಟರೆ ಯಾರ ತಕರಾರೂ ಇರುವುದಿಲ್ಲವಷ್ಟೆ! ಷೇಕ್ಸ್‌ಪಿಯರನನ್ನು ಕೈಬಿಡಿರೆಂದು ನಾವು ಹೇಳಿಯೇ ಇಲ್ಲ ಎಂದು ರಾಜ್ಯ ಸರಕಾರ ಕೈ ತೊಳೆದುಕೊಂಡಿತು. ಪೂರ್ತಿ ಪುಸ್ತಕ ಬೇಕಾದವರು ಲೈಬ್ರರಿಯಿಂದ ತಂದು ಓದಿಕೊಳ್ಳಲಿ ಎಂದು ಅಧಿಕಾರಿಗಳು ಸಮಾಧಾನ ಹೇಳಿದರು.

ಷೇಕ್ಸ್‌ಪಿಯರನಿಗೆ ಕತ್ತರಿ ಬಿದ್ದರೆ ರಾತ್ರಿ ಪಾಳಿ ಮುಗಿಸಿ ಬಂದವನಿಗೇನು, ಅಂಗಡಿ ಬಾಗಿಲು ತೆಗೆದು ಗಿರಾಕಿಯ ದಾರಿ ಕಾಯುತ್ತ ಕೂತವನಿಗೇನು ಎಂದು ನಮ್ಮ ಓದುಗರು ಕೇಳಿಯಾರು. ಇಂಗ್ಲೀಷಿನ ಕಾಟ ನಮ್ಮ ಮಕ್ಕಳಿಗೆ ಇಲ್ಲಿ ಇರುವುದೇ ಸಾಲದೆ, ಅಮೇರಿಕದ ಇಂಗ್ಲೀಷ್ ತರಗತಿಯ ಗೋಳನ್ನೂ ಹೊರಬೇಕೆ ಎಂದೂ ಕೇಳಿಯಾರು. ಮೊದಲೇ ಹೇಳಿಬಿಡುತ್ತೇವೆ: ನಮ್ಮ ನಾಡಿನ ಇಂಗ್ಲೀಷ್ ಜಗಳವನ್ನು ಅಲ್ಲಿಗೆ ಒಯ್ಯುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಅದು ಜನರ ಮನೆಮಾತು. ತಮ್ಮದೇ ಮಾತಿನಲ್ಲಿ ಬರೆದ ಉತ್ತಮ ಗ್ರಂಥಗಳನ್ನು ಅಲ್ಲಿನ ದುಡಿಯುವವರ ಮಕ್ಕಳಿಗೆ ಹೇಗೆ ತಪ್ಪಿಸಲಾಗುತ್ತಿದೆ, ಯಾರು ತಪ್ಪಿಸುತ್ತಿದ್ದಾರೆ ಎಂಬುದಷ್ಟೇ ಇಲ್ಲಿನ ವಿಚಾರ. ಕೂಲಿ ಕಡಿತವನ್ನು ಅರ್ಥಮಾಡಿಕೊಂಡವನಿಗೆ ಈ ಕಡಿತವೂ ಅರ್ಥವಾಗುತ್ತದೆ.

ಅಮೇರಿಕದ ಹೈಸ್ಕೂಲಿನಲ್ಲಿ ಎಲ್ಲ ಮಕ್ಕಳೂ ಒಂದೇ ಕಟ್ಟಡದಲ್ಲಿ ಓದಿದರೂ ಒಂದೇ ಪಾಠ ಓದುವುದಿಲ್ಲ. ಒಂದು ಸಾಧಾರಣ ತರಗತಿ, ಅದರ ಮೇಲೊಂದು ಗೌರವದ ತರಗತಿ, ಎಲ್ಲಕ್ಕೂ ಮೇಲೆ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂಬ ಉನ್ನತ ತರಗತಿ. ಚಿಕ್ಕದಾಗಿ ಎ.ಪಿ. ಎನ್ನುತ್ತಾರೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ, ಪರೀಕ್ಷೆ ಕಟ್ಟಿ, ಐದಕ್ಕೆ ಮೂರೋ ನಾಲ್ಕೋ ಅಂಕ ಪಡೆದರೆ, ಅನೇಕ ಕಾಲೇಜುಗಳಲ್ಲಿ ಆ ವಿಷಯದ ಪಾಠ ಓದಿದಂತೆಯೇ ಲೆಕ್ಕ. ಅಷ್ಟರಮಟ್ಟಿಗೆ ಕಾಲೇಜಿನ ಫೀಜು ಉಳಿಯುತ್ತದೆ. ಅರ್ಜಿಯ ಮೇಲೆ ಬೆಲೆಯೂ ಏರುತ್ತದೆ. ಇಂಗ್ಲೀಷ್ ಸಾಹಿತ್ಯದ ಎ.ಪಿ. ತರಗತಿಯಲ್ಲಿಯೇ ಹ್ಯಾಮ್ಲೆಟ್, ‘ದಿ ಗ್ರೇಟ್ ಗ್ಯಾಟ್ಸ್‌ಬಿ’, ‘ಇನ್‌ವಿಸಿಬಲ್ ಮ್ಯಾನ್’, ‘ಬಿಲವೆಡ್’, ‘ಡೆತ್ ಆಫ್ ಎ ಸೇಲ್ಸ್‌ಮನ್’ ಮೊದಲಾದ ಕಾದಂಬರಿ ನಾಟಕಗಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲ್ಪಡುವುದು.

ಈ ಏರ್ಪಾಡು ಹುಟ್ಟಿದ್ದೆಲ್ಲಿ? 1952ರಲ್ಲಿ ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಸಿರಿವಂತ ಖಾಸಗಿ ಶಾಲೆಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳೂ ಸೇರಿ ಒಂದು ವರದಿ ತಯಾರಿಸಿದವು. ತಮ್ಮ ಚೂಟಿ ಹುಡುಗರು ಶಾಲೆಯಲ್ಲಿ ಓದಿದ್ದನ್ನೇ ಕಾಲೇಜಿನಲ್ಲಿ ಮತ್ತೆ ಓದಿ ಬೇಸರಪಡುತ್ತಾರೆಂಬುದು ಅವರ ಚಿಂತೆ. ಹಣ ಬಂದದ್ದು ಫೋರ್ಡ್ ಪ್ರತಿಷ್ಠಾನದ ಬೊಕ್ಕಸದಿಂದ. ಮೋಟಾರು ಕಾರ್ಖಾನೆಯ ಬೆವರು ಎಲ್ಲೆಲ್ಲಿ ಹರಿಯುತ್ತದೆ ನೋಡಿ. 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು ವಹಿಸಿಕೊಂಡಿತು, 1956ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಈ ಬೋರ್ಡು ಕಾಗದದ ಮೇಲೆ ಲಾಭರಹಿತ ಸಂಸ್ಥೆ. ಕೆಲವು ವರ್ಷಗಳಲ್ಲಿ ಅದರ ಆದಾಯ ನೂರು ಕೋಟಿ ಡಾಲರನ್ನು ದಾಟಿದೆ. ಲಾಭವಿಲ್ಲದೆ ಇಷ್ಟಾದರೆ, ಲಾಭವಿದ್ದಿದ್ದರೆ ಏನಾಗುತ್ತಿತ್ತೋ!

2025ರಲ್ಲಿ ಒಂದು ಪರೀಕ್ಷೆಯ ಶುಲ್ಕ 99 ಡಾಲರ್. ಅಮೇರಿಕದ ಕೇಂದ್ರ ಸರಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಲ್ಲಿ ಈ ದರ ನಿಂತದ್ದು, ಆಮೇಲೆ 16 ವರ್ಷ ಕಳೆದರೂ ಏರಿರಲಿಲ್ಲ. ಲೆಕ್ಕ ಹಾಕಿರಿ: ಆ ಕೂಲಿಗೆ ದುಡಿಯುವ ತಾಯಿ ಮಗಳ ಒಂದು ಪರೀಕ್ಷೆಗೆ ಹದಿಮೂರೂವರೆ ಗಂಟೆಗೂ ಮೇಲೆ ದುಡಿಯಬೇಕು. ಬಡ ಮಕ್ಕಳಿಗೆ ರಿಯಾಯಿತಿ ಇದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸರಕಾರಿ ಹೈಸ್ಕೂಲು ಮುಗಿಸುವ ಮೂವರಲ್ಲಿ ಒಬ್ಬರಿಗೂ ಹೆಚ್ಚು ಮಂದಿ ಯಾವುದಾದರೂ ಒಂದು ಎ.ಪಿ. ಪರೀಕ್ಷೆ ಬರೆದೇ ಹೊರಬರುತ್ತಾರೆಂಬುದೂ ನಿಜ. ಬಾಗಿಲು ಮೊದಲಿಗಿಂತ ಅಗಲವಾಗಿದೆ. ಆದರೆ ಬಾಗಿಲು ಯಾವ ಬೀದಿಯಲ್ಲಿದೆ ಎಂದು ಯಾರೂ ಹೇಳುವುದಿಲ್ಲ.

ಅಮೇರಿಕದಲ್ಲಿ ಶಾಲೆಯ ಹಣದ ಒಂದು ದೊಡ್ಡ ಪಾಲು ಆಯಾ ಊರಿನ ಮನೆ ಜಮೀನುಗಳ ಕಂದಾಯದಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಕಡೆ ಶಾಲೆಯೂ ಬೆಲೆಬಾಳುತ್ತದೆ. ನಮ್ಮ ಕಡೆಯಿಂದ ಹೋಗಿ ನ್ಯೂ ಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆನಿಂತ ಕನ್ನಡಿಗರು ಮನೆ ಕೊಳ್ಳುವ ಮೊದಲು ಆ ಬೀದಿ ಯಾವ ಶಾಲೆಗೆ ಸೇರಿದ್ದೆಂದು ವಿಚಾರಿಸುವುದು ಇದಕ್ಕಾಗಿಯೇ. ರಜೆಗೆ ಊರಿಗೆ ಬಂದಾಗ ಅಜ್ಜನ ಎದುರು ಮೊಮ್ಮಗಳು ತಾನು ಎಷ್ಟು ಎ.ಪಿ. ಮುಗಿಸಿದೆನೆಂದು ಬೆರಳು ಮಡಿಸುತ್ತಾಳೆ. ಅಜ್ಜನಿಗೆ ಏನೂ ತಿಳಿಯದಿದ್ದರೂ ಸಂತೋಷ. ಆ ಮಗುವಿನ ಮೇಲೆ ನಮಗೆ ಸಿಟ್ಟಿಲ್ಲ.

ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದ ಕತೆ ಕೇಳಿ. ಅಲ್ಲಿ ಎಜ್‌ವುಡ್ ಎಂಬುದು ಬಹುಮಟ್ಟಿಗೆ ಮೆಕ್ಸಿಕೋ ಮೂಲದ ಕೂಲಿಕಾರರ ಶಾಲಾ ವಲಯ. ಆಲಮೋ ಹೈಟ್ಸ್ ಎಂಬುದು ಶ್ರೀಮಂತರದು. 1967–68ರಲ್ಲಿ ಎಜ್‌ವುಡ್‌ನ ಒಂದು ಮಗುವಿಗೆ ಸಿಗುತ್ತಿದ್ದುದು 356 ಡಾಲರ್, ಆಲಮೋ ಹೈಟ್ಸ್‌ನ ಮಗುವಿಗೆ 594. ಬಡವರು ಕಂದಾಯ ಕಡಿಮೆ ಕೊಡುತ್ತಿದ್ದರೆಂದು ತಿಳಿಯಬೇಡಿ. ಪ್ರತಿ ನೂರು ಡಾಲರ್ ಆಸ್ತಿಗೆ ಅವರು ಕೊಡುತ್ತಿದ್ದುದು 1.05 ಡಾಲರ್, ಶ್ರೀಮಂತರು 85 ಸೆಂಟು! ಹೆಚ್ಚು ದರದ ತೆರಿಗೆ ಕೊಟ್ಟು ಕಡಿಮೆ ಹಣದ ಶಾಲೆ ಪಡೆದವರು ಅವರು. 1968ರ ಮೇ ತಿಂಗಳಲ್ಲಿ ಎಜ್‌ವುಡ್ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ತಂದೆತಾಯಿಗಳು, ಅವರಲ್ಲಿ ಮುಂದಾಳಾಗಿ ಒಬ್ಬ ತಗಡು ಕೆಲಸದ ಕಾರ್ಮಿಕ, ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ದೇಶದ ಸುಪ್ರೀಂ ಕೋರ್ಟು ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಕೊಟ್ಟಿತು: ಶಿಕ್ಷಣ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಈ ಅಂತರ ಸಂವಿಧಾನಕ್ಕೆ ವಿರೋಧವಲ್ಲ. ಒಂದೇ ಒಂದು ವೋಟು ಆ ಕಡೆಯಿಂದ ಈ ಕಡೆ ಬಂದಿದ್ದರೆ ಎಷ್ಟು ಮಕ್ಕಳ ಕೈಗೆ ಪೂರ್ತಿ ಪುಸ್ತಕ ಬರುತ್ತಿತ್ತೋ ಏನೋ.

ಒಂದೇ ಶಾಲೆಯೊಳಗೂ ಗೋಡೆ ಇದೆ. ಜೀನಿ ಓಕ್ಸ್ ಎಂಬ ವಿದುಷಿ 1985ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟಿದ್ದಾರೆ. ಮೇಲಿನ ಸಾಲಿನ ಮಕ್ಕಳಿಗೆ ಯೋಚಿಸುವ, ವಾದಿಸುವ ಪಾಠ. ಕೆಳಗಿನ ಸಾಲಿಗೆ ಬಿಟ್ಟ ಸ್ಥಳ ತುಂಬುವ, ಹೇಳಿದ್ದನ್ನು ಕೇಳುವ ಪಾಠ. ಕೆಳಗಿನ ಸಾಲಿನಲ್ಲಿ ಹೆಚ್ಚಾಗಿ ಯಾರಿದ್ದಾರೆ ಎಂದರೆ ಬಡವರ, ಕರಿಯರ, ಮೆಕ್ಸಿಕೋ ಮೂಲದವರ ಮಕ್ಕಳು. ಕಾರ್ಖಾನೆಗೆ ಬೇಕಾದ ಶಿಸ್ತು ಒಂದು ಕೋಣೆಯಲ್ಲಿ ತಯಾರಾದರೆ, ಕಾರ್ಖಾನೆ ನಡೆಸುವವನ ಮಾತುಗಾರಿಕೆ ಪಕ್ಕದ ಕೋಣೆಯಲ್ಲಿ ತಯಾರಾಗುತ್ತದೆ.

ಈಗ ಆ ಪಕ್ಕದ ಕೋಣೆಯೊಳಗೆ ಹೋಗೋಣ. ಮೇಜಿನ ಮೇಲಿರುವುದು ಆರ್ಥರ್ ಮಿಲ್ಲರ್ ಬರೆದ ‘ಡೆತ್ ಆಫ್ ಎ ಸೇಲ್ಸ್‌ಮನ್’, ಅಂದರೆ ಒಬ್ಬ ಮಾರಾಟಗಾರನ ಸಾವು. 1949ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ ನಾಟಕ. ನಮ್ಮ ವ್ಯಾಪಾರಿ ಮಿತ್ರರು ಈ ಕತೆಯನ್ನು ಲಕ್ಷ್ಯವಿಟ್ಟು ಕೇಳಬೇಕು, ಏಕೆಂದರೆ ಇದರ ನಾಯಕ ವಿಲ್ಲಿ ಲೋಮನ್ ಅವರ ಅಂಗಡಿಗೆ ಚೀಲ ಹಿಡಿದು ಆರ್ಡರು ಕೇಳಿಕೊಂಡು ಬರುವ ಕಂಪನಿಯ ಮನುಷ್ಯ. ವಯಸ್ಸು 63. ಒಂದೇ ಕಂಪನಿಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಊರೂರು ತಿರುಗಿದ್ದಾನೆ. ಈಗ ಸಂಬಳ ನಿಂತಿದೆ, ಕಮಿಷನ್ ಮಾತ್ರ. ತಿರುಗಾಟ ಇನ್ನಾಗದು, ಊರಿನಲ್ಲೇ ಒಂದು ಕೆಲಸ ಕೊಡಿ ಎಂದು ಯಜಮಾನನ ಬಳಿ ಹೋಗುತ್ತಾನೆ. ಯಜಮಾನ ಹಳೆಯ ಧಣಿಯ ಮಗ. ವಿಲ್ಲಿ ಅವನನ್ನು ಕೂಸಾಗಿದ್ದಾಗಿನಿಂದ ಬಲ್ಲ. ವಾರಕ್ಕೆ 65 ಡಾಲರ್ ಸಾಕು ಎನ್ನುತ್ತಾನೆ. ಆಮೇಲೆ 50 ಎನ್ನುತ್ತಾನೆ. ಆಮೇಲೆ 40. ಆ ಯಜಮಾನನಿಗೆ ತಾನು ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರವನ್ನು ತೋರಿಸುವ ಉಮೇದು. ಮಗಳ ಸಿಳ್ಳು ಕೇಳಿಸಿ, ಕೊನೆಗೆ ಮುದುಕನನ್ನು ಕೆಲಸದಿಂದಲೇ ತೆಗೆದುಬಿಡುತ್ತಾನೆ. ವಿಲ್ಲಿ ಮನೆಯವರಿಗೆ 20,000 ಡಾಲರಿನ ವಿಮೆಯ ಹಣವಾದರೂ ಸಿಗಲೆಂದು ಕಾರು ಹತ್ತಿ ಹೋಗಿ ಸಾಯುತ್ತಾನೆ. ಅವನನ್ನು ಮಣ್ಣುಮಾಡುವ ದಿನವೇ ಮನೆಯ ಸಾಲದ ಕೊನೆಯ ಕಂತು ತೀರಿರುತ್ತದೆ.

ಇದನ್ನು ಓದಿದ ಮಗುವಿನ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆ ಯಾವುದೆಂದು ನಾವು ಹೇಳಬೇಕಾಗಿಲ್ಲ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಯೇ ಬೇರೆ. ಮೂರು ಗಂಟೆಯ ಪರೀಕ್ಷೆಯಲ್ಲಿ ಮೊದಲ ಒಂದು ಗಂಟೆ, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ 55 ಪ್ರಶ್ನೆ. ಉಳಿದ ಎರಡು ಗಂಟೆಯಲ್ಲಿ ಮೂರು ಪ್ರಬಂಧ: ಕವಿತೆಗೊಂದು, ಗದ್ಯಕ್ಕೊಂದು, ತಾನು ಓದಿದ ಕಾದಂಬರಿ ಅಥವಾ ನಾಟಕ ಒಂದನ್ನು ಆರಿಸಿಕೊಂಡು ವಾದಿಸಲು ಇನ್ನೊಂದು. ತಲಾ 40 ನಿಮಿಷ. ವರ್ಷವೆಲ್ಲಾ ಓದಿದ ವಿಲ್ಲಿ ಲೋಮನ್ನನ ಬಾಳು ಸಾವುಗಳಿಗೆ ಸಿಕ್ಕುವ ಹೊತ್ತು ಅಷ್ಟೇ. ಅಷ್ಟರಲ್ಲಿ ಅವನು ಏನಾಗುತ್ತಾನೆ? ಕನಸಿನ ಸಂಕೇತವಾಗುತ್ತಾನೆ, ಭ್ರಮೆಯ ರೂಪಕವಾಗುತ್ತಾನೆ, ದುರಂತನಾಯಕನೋ ಅಲ್ಲವೋ ಎಂಬ ಚರ್ಚೆಯ ವಸ್ತುವಾಗುತ್ತಾನೆ. ಕಮಿಷನ್ ಮೇಲೆ ಬದುಕುವ ಮುದುಕನಾಗಿ ಉಳಿಯುವುದು ಕಷ್ಟ. ಪ್ರಬಂಧಕ್ಕೆ ಆರು ಅಂಕ. ಅದರಲ್ಲಿ ಒಂದು ವಾದದ ಮಂಡನೆಗೆ, ನಾಲ್ಕು ಆಧಾರ ಮತ್ತು ವಿವರಣೆಗೆ, ಒಂದು ವಿಚಾರದ ಸೂಕ್ಷ್ಮತೆಗೆ. ಯಜಮಾನನ ಮೇಲೆ ಸಿಟ್ಟು ಬಂದವನಿಗೆ ಪ್ರತ್ಯೇಕ ಅಂಕವಿಲ್ಲ.

ಅಧ್ಯಾಪಕರನ್ನು ನಾವು ಬಯ್ಯುತ್ತಿಲ್ಲ. ಪರೀಕ್ಷೆಯ ಸಂದಿಯಲ್ಲಿಯೇ ಆ ಸಿಟ್ಟನ್ನು ಉಳಿಸಿಕೊಡುವ ಮೇಷ್ಟರುಗಳು ಅಲ್ಲಿಯೂ ಇದ್ದಾರೆ, ಎಲ್ಲೆಲ್ಲಿಯೂ ಇದ್ದಾರೆ. ಈ ತರಗತಿಗೆ ಇಂಥದೇ ಪುಸ್ತಕ ಎಂಬ ಕಡ್ಡಾಯದ ಪಟ್ಟಿಯಿಲ್ಲ. ಆಯ್ಕೆ ಬಹುಮಟ್ಟಿಗೆ ಮೇಷ್ಟರ ಕೈಯಲ್ಲಿ. ಈ ಸ್ವಾತಂತ್ರ್ಯ ದೊಡ್ಡದು. ಆದ್ದರಿಂದಲೇ ಅದರ ಮೇಲೆ ಕಣ್ಣು ಬಿದ್ದಿರುವುದು.

ನಾಟಕಕ್ಕೆ ಬಂಡವಾಳಗಾರರು ಹೆದರಿದ್ದು ಹೊಸತೇನಲ್ಲ. 1951ರಲ್ಲಿ ಇದನ್ನೇ ಸಿನಿಮಾ ಮಾಡಿದ ಕೊಲಂಬಿಯಾ ಕಂಪನಿ, ಮಾರಾಟಗಾರನ ಬಾಳು ನಿಜಕ್ಕೂ ಸೊಗಸಾದದ್ದು ಎಂದು ತೋರಿಸುವ ಇನ್ನೊಂದು ಕಿರುಚಿತ್ರವನ್ನು ತಯಾರಿಸಿ, ಇದರ ಜೊತೆಗೆ ಹಾಕಲು ಹೊರಟಿತ್ತು! ತನ್ನ ಸರಕಿಗೆ ತಾನೇ ಕ್ಷಮೆ ಕೇಳಿದ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ಮಿಲ್ಲರ್ ಪ್ರತಿಭಟಿಸಿದ. 1956ರಲ್ಲಿ ಅವನನ್ನೇ ಅಮೇರಿಕದ ಸಂಸತ್ತಿನ ಸಮಿತಿ ಕರೆಸಿ, ಕಮ್ಯೂನಿಸ್ಟರ ಸಭೆಗಳಲ್ಲಿ ಯಾರು ಯಾರಿದ್ದರು ಹೇಳು ಎಂದಿತು. ಅವನು ಇತರರ ಹೆಸರು ಹೇಳಲಿಲ್ಲ. 1957ರಲ್ಲಿ ಶಿಕ್ಷೆಯಾಯಿತು, 1958ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಇಂದು ಅದೇ ಮಿಲ್ಲರನನ್ನು ಚೂಟಿ ಮಕ್ಕಳಿಗೆ ಅಂಕಕ್ಕಾಗಿ ಓದಿಸುತ್ತಾರೆ. ಸತ್ತ ಬಂಡುಕೋರನಷ್ಟು ನಿರಪಾಯದ ಪಠ್ಯ ಇನ್ನೊಂದಿಲ್ಲ.

ನಿರಪಾಯವಾಗದ ಪುಸ್ತಕಗಳೂ ಇವೆ. ಜಾನ್ ಸ್ಟೈನ್‌ಬೆಕ್ 1939ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ ಬರೆದ. ಓಕ್ಲಹೋಮಾದಲ್ಲಿ ನೆಲ ಕಳೆದುಕೊಂಡ ಜೋಡ್ ಎಂಬ ಒಕ್ಕಲು ಕುಟುಂಬ ಹಳೆಯ ಲಾರಿ ಹತ್ತಿ ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಿಗೆ ಕೂಲಿಗೆ ಹೋಗುವ ಕತೆ. ಬೇಕಾದುದಕ್ಕಿಂತ ಬಹಳ ಹೆಚ್ಚು ಆಳುಗಳಿಗೆ ಕರಪತ್ರ ಹಂಚಿ, ಹಸಿದವರನ್ನು ಒಂದೆಡೆ ಗುಂಪುಗೂಡಿಸಿ, ಕೂಲಿ ಇಳಿಸುವ ಧಣಿಗಳ ಉಪಾಯವನ್ನು ಅವನು ಬಿಚ್ಚಿಟ್ಟ. ಮಿಲ್ಲಿನ ಗೇಟಿನ ಮುಂದೆ ಬದಲಿ ಕೆಲಸಕ್ಕೆ ಬೆಳಗಿನ ಜಾವ ನಿಂತವರಿಗೆ ಇದನ್ನು ವಿವರಿಸಬೇಕೆ? ಆ ವರ್ಷದ ಆಗಸ್ಟ್‌ನಲ್ಲಿ ಕರ್ನ್ ಕೌಂಟಿಯ ಆಡಳಿತ ಮಂಡಲಿ ಪುಸ್ತಕವನ್ನು ಶಾಲೆ ಲೈಬ್ರರಿಗಳಿಂದ ನಿಷೇಧಿಸಿತು. ದೊಡ್ಡ ಬೇಸಾಯಗಾರರ ಸಂಘದವರು ಒಂದು ಪ್ರತಿಯನ್ನು ಸುಡಿಸಿ ಚಿತ್ರ ತೆಗೆಸಿದರು. ಬೆಂಕಿ ಇಟ್ಟವನು ಒಬ್ಬ ತೋಟದ ಕೂಲಿಕಾರ. ಅವನು ಆ ಪುಸ್ತಕವನ್ನು ಓದಿರಲಿಲ್ಲ. ಈ ಒಂದು ಚಿತ್ರವನ್ನು ನಮ್ಮ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಧಣಿಗೆ ಪುಸ್ತಕ ಸುಡಬೇಕಾದಾಗಲೂ ಕೈ ಕೂಲಿಕಾರನದೇ. ಕೌಂಟಿಯ ಗ್ರಂಥಪಾಲಿನಿ ಗ್ರೆಚನ್ ನೀಫ್ ನಿಷೇಧವನ್ನು ವಿರೋಧಿಸಿ ಪತ್ರ ಬರೆದಳು. 1941ರಲ್ಲಿ ನಿಷೇಧ ತೆಗೆಯಲಾಯಿತು.

ಟೋನಿ ಮಾರಿಸನ್‌ರ ‘ಬಿಲವೆಡ್’ 1987ರದು. 1856ರಲ್ಲಿ ಕೆಂಟಕಿಯಿಂದ ತಪ್ಪಿಸಿಕೊಂಡು ಬಂದ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು, ಹಿಡಿಯಲು ಬಂದವರ ಕೈಗೆ ಒಪ್ಪಿಸುವುದಕ್ಕಿಂತ ಸಾವೇ ಮೇಲೆಂದು ತನ್ನ ಕೂಸನ್ನು ತಾನೇ ಕೊಂದ ನಿಜ ಸಂಗತಿಯಿಂದ ಹುಟ್ಟಿದ ಕಾದಂಬರಿ. ವರ್ಜೀನಿಯಾ ರಾಜ್ಯದಲ್ಲಿ ಎ.ಪಿ. ತರಗತಿಯಲ್ಲಿ ಇದನ್ನು ಓದಿದ ಹುಡುಗನೊಬ್ಬನ ತಾಯಿ, ಮಗನಿಗೆ ಇದರಿಂದ ಕೆಟ್ಟ ಕನಸು ಬೀಳುತ್ತದೆ ಎಂದು ದೂರು ಹೇಳಿದಳು. ದೂರು ಮಸೂದೆಯಾಯಿತು, 2016ರಲ್ಲೂ 2017ರಲ್ಲೂ ಅಂದಿನ ಗವರ್ನರ್ ಅದನ್ನು ತಡೆದ. 2021ರ ಚುನಾವಣೆಯಲ್ಲಿ ಅದೇ ತಾಯಿ ಪ್ರಚಾರದ ಚಿತ್ರದಲ್ಲಿ ಕಾಣಿಸಿಕೊಂಡಳು, ಆ ಪಕ್ಷ ಗೆದ್ದಿತು, 2022ರಲ್ಲಿ ಅಂಥದೇ ಕಾನೂನು ಬಂತು. ಗುಲಾಮಗಿರಿ ನಡೆಸಿದವರ ನಾಡಿನಲ್ಲಿ ಗುಲಾಮಗಿರಿಯ ಕತೆ ಓದಿದರೆ ಕೆಟ್ಟ ಕನಸು! ಕನಸು ಬೀಳಲಿ. ಬೀಳಬೇಕಾದವರಿಗೇ ಬಿದ್ದಿದೆ.

ನಮ್ಮವರೇ ಕೆಲವರ ಆಕ್ಷೇಪಣೆಗೆ ಉತ್ತರ ಹೇಳಬೇಕು. ಈ ‘ಕ್ಲಾಸಿಕ್’ ಎಂಬುದೇ ಮೇಲ್ವರ್ಗದ ಸರಕು, ಸತ್ತ ಬಿಳಿಯರ ಗ್ರಂಥ, ದುಡಿಯುವವನಿಗೆ ಅದೇಕೆ, ಅವನಿಗೆ ಕೆಲಸಕ್ಕೆ ಬರುವ ಓದು ಸಾಕು ಎನ್ನುತ್ತಾರೆ. ಬಾಯಿ ಎಡಗಡೆಯದು, ಮಾತು ಮಾತ್ರ ಗಿರಣಿ ಮಾಲೀಕನದು. ಕೆಲಸಕ್ಕೆ ಬರುವಷ್ಟೇ ಓದು ಸಾಕೆಂದು ಅವನೂ ಹೇಳುತ್ತಾನೆ. ವೇಲ್ಸ್‌ನ ಕಲ್ಲಿದ್ದಲು ಗಣಿಯವರು ಹಾಗೆ ತಿಳಿಯಲಿಲ್ಲ. ಅವರು ತಮ್ಮ ಕೂಲಿಯಿಂದ ಪೆನ್ನಿ ಪೆನ್ನಿ ಕೊಟ್ಟು ಊರೂರಲ್ಲಿ ಲೈಬ್ರರಿ ಕಟ್ಟಿದರು. ಅಂಥದೊಂದು ಟ್ರೆಡೀಗರ್‌ನ ಲೈಬ್ರರಿಯಲ್ಲಿ ಓದಿ ಬೆಳೆದ ಗಣಿ ಹುಡುಗ ಅನ್ಯೂರಿನ್ ಬೆವನ್ ಮುಂದೆ ಮಂತ್ರಿಯಾಗಿ 1948ರಲ್ಲಿ ಬ್ರಿಟನ್ನಿನ ಪ್ರತಿಯೊಬ್ಬನಿಗೂ ಪುಕ್ಕಟೆ ವೈದ್ಯವನ್ನು ತಂದ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಎಲೆ ಸುತ್ತುವವರಿಗೆ ಒಬ್ಬನು ಪತ್ರಿಕೆ ಓದಿ ಹೇಳುವ ರೂಢಿಯನ್ನು ಕಂಡವರು ನಮ್ಮಲ್ಲೂ ಇದ್ದಾರೆ.

ಮೊದಲು ಹೇಳಿದ ಟ್ಯಾಂಪಾಕ್ಕೆ ಮತ್ತೆ ಬರೋಣ. ಷೇಕ್ಸ್‌ಪಿಯರನನ್ನು ತುಂಡು ಮಾಡಿದ ಆ ಕೌಂಟಿಯಲ್ಲಿಯೇ, ಟ್ಯಾಂಪಾದ ಈಬೋರ್ ಬಡಾವಣೆಯಲ್ಲಿ, ಚುಟ್ಟ ಸುತ್ತುವ ದೊಡ್ಡ ಕಾರ್ಖಾನೆಗಳಿದ್ದವು. ಕೂಲಿಕಾರರು ಕ್ಯೂಬಾದವರು, ಸ್ಪೇನಿನವರು, ಇಟಲಿಯವರು. ಕ್ಯೂಬಾದಲ್ಲಿ 1865ರ ಹೊತ್ತಿಗೆ ಆರಂಭವಾದ ಒಂದು ಪದ್ಧತಿಯನ್ನು ಅವರು ಜೊತೆಗೆ ತಂದಿದ್ದರು. ಸಾಲುಸಾಲಾಗಿ ಮೇಜಿನ ಮುಂದೆ ಕೂತು ಹೊಗೆಸೊಪ್ಪು ಸುತ್ತುವವರ ನಡುವೆ ಎತ್ತರದ ಒಂದು ಕಟ್ಟೆ, ಅದರ ಮೇಲೆ ಕುರ್ಚಿ, ಕುರ್ಚಿಯಲ್ಲಿ ಓದುಗ. ಬೆಳಗ್ಗೆ ಪತ್ರಿಕೆಗಳು, ಮಧ್ಯಾಹ್ನ ಕಾದಂಬರಿ. ಸರ್ವಾಂಟೆಸ್, ಹ್ಯೂಗೋ, ಝೋಲಾ. ಯಾವ ಕಾದಂಬರಿ ಎಂಬುದನ್ನು ಕೂಲಿಕಾರರೇ ವೋಟು ಹಾಕಿ ಗೊತ್ತುಮಾಡುತ್ತಿದ್ದರು. ಓದುಗನ ಸಂಬಳವನ್ನು ಧಣಿ ಕೊಡುತ್ತಿರಲಿಲ್ಲ. ಪ್ರತಿವಾರ ತಮ್ಮ ಕೂಲಿಯಿಂದ ಕೆಲವು ಸೆಂಟು ತೆಗೆದಿಟ್ಟು ಅವರೇ ಕೊಡುತ್ತಿದ್ದರು. ಅಕ್ಷರ ಬಾರದವನೂ ಡಾನ್ ಕ್ವಿಕ್ಸೋಟನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವನಾಗಿದ್ದ. ಅಲ್ಲಿ ಮೇಲಿನ ಸಾಲು ಕೆಳಗಿನ ಸಾಲು ಇರಲಿಲ್ಲ, 99 ಡಾಲರ್ ಇರಲಿಲ್ಲ, 40 ನಿಮಿಷದ ಗಡುವಿರಲಿಲ್ಲ. ಕತೆ ಮುಗಿಯುವವರೆಗೆ ದಿನದಿನವೂ ಓದು ನಡೆಯುತ್ತಿತ್ತು.

ಆ ಕಟ್ಟೆಯಿಂದ ಕ್ರಾಂತಿಯ ಮಾತು ಬರುತ್ತದೆಂದು ಮಾಲೀಕರು ದೂರಿದರು. 1931ರ ನವೆಂಬರ್‌ನಲ್ಲಿ ಓದುಗರನ್ನು ಕಾರ್ಖಾನೆಗಳಿಂದ ಹೊರಗೆ ಹಾಕಿದರು. ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಹೊರಬಂದರು. ಮಾಲೀಕರು ಗೇಟು ಹಾಕಿದರು. ಹಸಿವು ತಾಳಲಾರದೆ ಕೂಲಿಕಾರರು ಮತ್ತೆ ಒಳಗೆ ಹೋದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಓದುಗನ ಬದಲಿಗೆ ಒಂದು ರೇಡಿಯೋ ಇಟ್ಟಿದ್ದರು.